ಯಾವ ತುದಿಯಿಂದ

ಜುಬೈಲ್, ರಾತ್ರಿಪಾಳಿ.
ಗೋಡೆಯಾಚೆ ಕಡಲು ಉಪ್ಪು ಕಳಚುವ ಸದ್ದು.
ನಿಮಿಷಕ್ಕೊಂದು ಉಪ್ಪಿನಳತೆ,
ದಿನಕ್ಕೆ ಸಾವಿರದ ನಾನೂರ ನಲವತ್ತು.
ಇಡೀ ಸಾಲನ್ನು ಫೈಲಿಗೆ ಸುರಿದೆ,
ನಡುವೆ ಜಾಗವಿಲ್ಲ, ಅಲ್ಪವಿರಾಮವಿಲ್ಲ,
ಎಂಟೆಂಟು ಬೈಟಿನ ಬಿಗಿಮೂಟೆ.

ಬೆಳಿಗ್ಗೆ ಹಳೇ ಯಂತ್ರದಲ್ಲಿ ಬಿಚ್ಚಿದರೆ
ಕಡಲಿಗೆ ಹುಚ್ಚು:
ಉಪ್ಪು ಒಮ್ಮೆ ಸೊನ್ನೆ,
ಒಮ್ಮೆ ಬಾಯಲ್ಲಿ ಹೇಳಲಾಗದಷ್ಟು.

ಹಮೂದ್ ಕಹ್ವಾ ಬಗ್ಗಿಸುತ್ತ ಕೇಳಿದ,
ಇಪ್ಪತ್ತೊಂದಕ್ಕೆ ನಿಮ್ಮಲ್ಲಿ ಏನಂತೀರಿ?
ಇಪ್ಪತ್ತು ಮೊದಲು, ಒಂದು ಆಮೇಲೆ.
ನಮ್ಮಲ್ಲಿ ಒಂದೇ ಮುಂದೆ, ಅಂದ:
ವಾಹಿದ್ ವ ಇಶ್ರೀನ್.

ಓ.
ಎಂಟೆಂಟನ್ನೂ ಹಿಂದುಮುಂದು ಮಾಡಿದೆ.
ನಲವತ್ತೆರಡು. ನಲವತ್ತೆರಡೂವರೆ. ನಲವತ್ತೆರಡು.
ನಾಲಗೆಗೆ ಗುರುತಿದ್ದ ಕಡಲು.

ಸಾಕೆನ್ನಲು ಬಟ್ಟಲು ಅಲುಗಿಸಬೇಕಿತ್ತು;
ಮರೆತೆ.
ಅವನು ಮತ್ತೆ ಸುರಿದ.