ಅಡ್ಡಕೊಯ್ತ

ಹಂಚಿನ ಕಾರ್ಖಾನೆಯ ಒಲೆ ಆರಿದ್ದು
ಸಿರುಗುಪ್ಪದಿಂದ ಬಂದ ಲಾರಿಗೆ ಗೊತ್ತಿರಲಿಲ್ಲ.
ಜೆಪ್ಪುವಿನಲ್ಲಿ ಬೀಗ ಬಿದ್ದ ಗೇಟಿನೆದುರು
ಮೂರು ಟನ್ನು ಬಳ್ಳಾರಿ ಜಾಲಿ,
ಅದರ ಮೇಲೆ ಕೂತು ಬೀಡಿ ಹಚ್ಚಿದ ಹುಲಿಗೆಪ್ಪ:
‘ಬರೇ ಉರಿಯೋ ಕಟಿಗಿ ಅಣ್ಣಾ,
ಡೀಸೆಲ್ಲಿನ ರೊಕ್ಕ ಕೊಡು, ಸಾಕು.’

ಮೊಳದುದ್ದ ನೇರ ಹಲಗೆ ಕೊಡದ ಮರ.
ಉದ್ದಕ್ಕೆ ಸೀಳಹೋದರೆ ಗರಗಸಕ್ಕೇ ಸಿಟ್ಟು.
ಹಾಗಾಗಿ ಅಡ್ಡ ಕೊಯ್ದೆ,
ಅಂಜಲ್ ಮೀನು ತುಂಡು ಹಾಕುವ ಹಾಗೆ,
ಎರಡೆರಡು ಬೆರಳು ದಪ್ಪಕ್ಕೆ.
ಒಳಗೆ ಒಣಗಿದ ಪುನರ್ಪುಳಿಯ ಬಣ್ಣ,
ಮಿಲ್ಲಿನ ತುಂಬ ಬೆಲ್ಲ ಕಾಯಿಸಿದ ವಾಸನೆ.
ಉಂಗುರಗಳು ಎಣಿಸಲಾಗದಷ್ಟು ಒತ್ತೊತ್ತು;
ಒಂದು ಮಾತ್ರ ಅಗಲ.
ಆ ವರ್ಷ ಅಲ್ಲಿ ಎಷ್ಟು ಬಿತ್ತೋ.

ಸೆರಾಫಿನ್ ಬಾಯಮ್ಮನಿಗೆ ಬೇಕಿದ್ದದ್ದು ಚಂದದ ನೆಲ ಅಲ್ಲ.
ಮದುಮಗಳ ಗೌನು ಕತ್ತರಿಸುವ ಕೋಣೆ,
ಸಿಮೆಂಟಿನ ಮೇಲೆ ಮೂವತ್ತೊಂದು ವರ್ಷ ನಿಂತ ಹಿಮ್ಮಡಿ,
ಬಿದ್ದು ಮೂತಿ ಮುರಿದ ಮೂರು ಕತ್ತರಿ.
‘ಅಕ್ಕನ ಮನೆಗೆ ತೇಗ ಹಾಕಿದ್ದರು,
ಜುಲೈಯಲ್ಲಿ ಹಪ್ಪಳದ ಹಾಗೆ ಎದ್ದಿತು.
ಇದು ಏಳುವುದಿಲ್ಲವಾ ಆಚಾರ್ರೆ?’

ಏಳಬಾರದು.
ಉಬ್ಬಿದರೂ ನಾಲ್ಕೂ ಕಡೆಗೆ ಸಮ ಉಬ್ಬೀತು.
ಗೋಡೆಗೆ ತಾಗಿಸದೆ ಸುತ್ತ ಬೆರಳಷ್ಟು ಬಿಟ್ಟೆ,
ನೆಂಟರ ಮನೆಯಲ್ಲಿ ಹೊಸಬ ಕೂರುವ ಹಾಗೆ.
ದುಂಡು ಬಿಲ್ಲೆಗಳ ಸಂದಿಗೆ
ಅದರದ್ದೇ ಹೊಟ್ಟು, ಅಂಟು.

ಅಗಸೆಯೆಣ್ಣೆ ಸುರಿದೆ. ಕುಡಿಯಿತು.
ಮತ್ತೆ ಸುರಿದೆ. ಕುಡಿಯಿತು.
ಸೀಳಿದ ಹಲಗೆಗೆ ಚರ್ಮ ಉಂಟು,
ಅಡ್ಡ ಕೊಯ್ದದ್ದಕ್ಕೆ ಬರೀ ಬಾಯಿ;
ಬೇರಿನಿಂದ ನೀರು ಹತ್ತಿದ ದಾರಿಯೆಲ್ಲ
ಮೇಲ್ಮುಖ ತೆರೆದುಕೊಂಡು.
ನಾಲ್ಕನೇ ಸಲಕ್ಕೆ ತುಸು ಹೊಳೆಯಿತು.
ಡಬ್ಬಿ ಖಾಲಿ; ಲೆಕ್ಕದಲ್ಲಿ ನನಗೇ ನಷ್ಟ.

ಬಾಯಮ್ಮ ಚಪ್ಪಲಿ ಬಿಟ್ಟು ಒಳಬಂದರು.
ದೊಡ್ಡ ಕತ್ತರಿಯನ್ನು ಸೊಂಟದೆತ್ತರದಿಂದ
ಬೇಕೆಂದೇ ಕೈಬಿಟ್ಟರು.
ಅದು ನಿಂತಿತು,
ಮೂತಿ ಊರಿ, ಸ್ವಲ್ಪ ನಡುಗುತ್ತ.
ಕಿತ್ತ ಮೇಲೆ ಇಬ್ಬರೂ ಬಗ್ಗಿ ತೂತು ಹುಡುಕಿದೆವು,
ಸಿಗಲಿಲ್ಲ.

ಆಟಿ ಕಳೆಯಿತು. ನೆಲ ಏಳಲಿಲ್ಲ.
ಬಾಗಿಲ ಬಳಿಯ ಒಂದು ಬಿಲ್ಲೆ ಕರಕ್ ಅನ್ನುತ್ತದೆ;
ಅದು ಮರದ್ದಲ್ಲ, ಅಂಟು ಕಡಿಮೆ ಹಚ್ಚಿದ ನನ್ನ ತಪ್ಪು.
ಅಂಗೈಯಲ್ಲಿ ಮುರಿದುಳಿದ ಮುಳ್ಳು
ಕಪ್ಪು ಚುಕ್ಕಿಯಾಗಿ ಇನ್ನೂ ಉಂಟು.

ಸೋಣ ತಿಂಗಳಲ್ಲಿ ಹುಲಿಗೆಪ್ಪನ ಫೋನು:
‘ಆ ಜಾಲಿ ಚಲೋ ಉರೀತೇನಣ್ಣಾ?’

ಇನ್ನೂ ಇಲ್ಲ, ಎಂದೆ.