ಉಪ್ಪಿನ ಪಾಳಿ

ಸ್ಕಾಟ್‌ಲೆಂಡಿನ ನಕ್ಷೆಯ ನೆತ್ತಿಯ ಹತ್ತಿರ ನಮ್ಮೂರು.
ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.
ರಸ್ತೆಯ ಮೈ ಒಂದು ಡಿಗ್ರಿ, ಇಳಿಯುತ್ತಿದೆ, ಎಂದು ಫೋನು.
ಡಿಪೋದ ಹಲಗೆಯ ಮೇಲೆ ಬರೆದೆ:
ಈ ರಾತ್ರಿ ಉಪ್ಪು.

ಕಣಜದಲ್ಲಿ ಗುಡ್ಡೆ ಬಿದ್ದಿದೆ ಅದು,
ಐರ್ಲೆಂಡಿನ ನೆಲದಡಿಯಿಂದ ಹಡಗೇರಿ ಬಂದದ್ದು,
ಬೆಲ್ಲದ ಬಣ್ಣ. ಹೊಸದಾಗಿ ಸೇರಿದವರೆಲ್ಲ
ಒಮ್ಮೆ ನೆಕ್ಕಿ ನೋಡಿ ಉಗಿಯುತ್ತಾರೆ.
ನಾನೂ ನೆಕ್ಕಿದ್ದೆ, ಹತ್ತೊಂಬತ್ತು ಚಳಿಗಾಲದ ಹಿಂದೆ.
ಅಂದಿನಿಂದ ಈ ಕೌನ್ಸಿಲ್ಲಿನ ಉಪ್ಪುಂಡವಳು.

ಮ್ಯಾಗ್ನಸ್ ಸ್ವಾನ್ಸನ್ ಬೇಸಿಗೆಯಲ್ಲಿ ಕಸದ ಲಾರಿ ಓಡಿಸುತ್ತಾನೆ,
ಚಳಿಯಲ್ಲಿ ಉಪ್ಪಿನದು. ಯಾವ ಮನೆ
ಎಷ್ಟು ಬಾಟಲಿ ಖಾಲಿ ಮಾಡುತ್ತದೆ, ಎಲ್ಲಿಗೆ
ಕೂಸು ಬಂತು, ಯಾರು ಊಟ ಬಿಟ್ಟಿದ್ದಾರೆ,
ಡಬ್ಬ ಎತ್ತಿದಾಗಲೇ ಬಲ್ಲ. ಹೇಳುವುದಿಲ್ಲ.

ಬೀದಿಗಳಿಗೂ ದರ್ಜೆ ಇದೆ ನಮ್ಮಲ್ಲಿ.
ಒಂದನೆಯದು ಆಸ್ಪತ್ರೆ, ಬಂದರು, ಹೆದ್ದಾರಿ.
ಎರಡನೆಯದು ಶಾಲೆ, ಬಸ್ಸು ಹತ್ತುವ ಗುಡ್ಡ.
ಮೂರನೆಯದು ಮಿಕ್ಕಿದ್ದೆಲ್ಲ:
ಹೊತ್ತು ಉಳಿದರೆ, ಉಪ್ಪು ಉಳಿದರೆ, ಆಳು ಉಳಿದರೆ.
ಉಳಿಯುವುದಿಲ್ಲ.

ಮ್ಯಾಗ್ನಸ್‌ನ ಮನೆ ಮೂರನೆಯದರಲ್ಲಿ.
ಕೂಪರ್ ಓಣಿ, ಕಡಲಿಗಿಳಿಯುವ ಇಳಿಜಾರು,
ಹೆರಿಂಗ್ ಮೀನಿಗೆ ಪೀಪಾಯಿ ಕಟ್ಟುವವರಿದ್ದ ಜಾಗ.
ಆಗ ಉಪ್ಪಿಗೆ ಬರವಿರಲಿಲ್ಲ ಅಲ್ಲಿ.
ಈಗ ಹನ್ನೊಂದು ಬಾಗಿಲು, ಒಂದು ದೀಪ,
ಅದೂ ಕೆಟ್ಟು ಆರು ವಾರ. ದೂರಿನ ಸಂಖ್ಯೆ ನನಗೆ ಬಾಯಿಪಾಠ.

ರಾತ್ರಿಯಿಡೀ ಊರಿಗೆಲ್ಲ ಉಪ್ಪು ಚೆಲ್ಲಿ ಬಂದವನು
ಹೋದ ವರ್ಷ ತನ್ನ ಹೊಸ್ತಿಲಲ್ಲೇ ಜಾರಿ
ಮೊಣಕೈ ಮುರಿದುಕೊಂಡ.
ಹೆಂಡತಿ ರೋನಾ ಆಸ್ಪತ್ರೆಯಿಂದಲೇ ಫೋನು ಮಾಡಿ
ನಗುತ್ತ ಬೈದಳು, ಬೈಯುತ್ತ ಅತ್ತಳು:
"ಸಾರಿಗೆ ಹಾಕೋ ಉಪ್ಪನ್ನ ಮೆಟ್ಟಿಲಿಗೆ ಹಾಕ್ತಿದೀನಿ ಕಣೇ.
ನಿಮ್ಮ ಕೌನ್ಸಿಲ್ಲು ನನ್ನ ಅಡುಗೆಮನೆಯಿಂದ ನಡೀತಿದೆ."

ದೀಪದ ಬುಡದಲ್ಲೇ ಕತ್ತಲು ಎಂದುಬಿಡಬಹುದು. ಆದರೆ
ಕತ್ತಲಿಗೆ ಲೆಕ್ಕವಿಲ್ಲ, ಉಪ್ಪಿಗಿದೆ.
ಲಾರಿಯ ಬೆನ್ನಿನ ಚಕ್ರ ಎಲ್ಲಿ ತಿರುಗಿತು,
ಚದರ ಮೀಟರಿಗೆ ಎಷ್ಟು ಗ್ರಾಂ ಬಿತ್ತು,
ಎಲ್ಲ ನನ್ನ ಪರದೆಯ ಮೇಲೆ.
ಅವನೊಂದು ಕಿತ್ತಳೆ ಚುಕ್ಕಿ. ನಾನು ಕಾಯುವವಳು.

ಮೊನ್ನೆ ಮೂರೂ ಇಪ್ಪತ್ತಕ್ಕೆ ಚುಕ್ಕಿ ನಿಂತಿತು
ಕೂಪರ್ ಓಣಿಯ ಬಾಯಲ್ಲಿ.
ಚಕ್ರ ತಿರುಗಲಿಲ್ಲ. ಒಂದು ಗ್ರಾಮೂ ಬೀಳಲಿಲ್ಲ.
ಒಂಬತ್ತು ನಿಮಿಷ.

ನಾನು ನೋಡಿದ್ದೆ. ಪಾಳಿಗೆ ಮುಂಚೆ ಅಂಗಳ ಗುಡಿಸಿದ್ದ,
ಯಾರೂ ಹೇಳದೆ, ಗೋಡೆಯ ಸಂದಿಯವರೆಗೆ.
ಗುಡಿಸಿದ್ದು ಕಸವಾಯಿತು.
ಉಪ್ಪಿನ ಪುಸ್ತಕದಲ್ಲಿ ಕಸಕ್ಕೆ ಜಾಗವಿಲ್ಲ.
ಎರಡು ಬಕೆಟ್ಟು ಕಸ ಅವನ ಸೀಟಿನ ಪಕ್ಕ ಏರಿತ್ತು.

ಕಾರಣ ಎಂಬ ಖಾನೆ ಖಾಲಿ ಇರಬಾರದು.
ಬರೆದೆ: ವೈಪರ್ ಹೆಪ್ಪುಗಟ್ಟಿತ್ತು.
ಉಪ್ಪು ತಿಂದವಳು ನೀರು ಕುಡಿಯಲೇಬೇಕು.
ಕುಡಿದೆ, ಒಂದು ಲೋಟ, ನಿಂತೇ.

ಎಂಟಕ್ಕೆ ಮೊದಲ ಕರೆ. ಕೂಪರ್ ಓಣಿ,
ಏಳನೆಯ ಮನೆ, ಎಫೀ ಬಡ್ಜ್, ಎಂಬತ್ತರ ದನಿ:
ಯಾರೋ ಮೆಟ್ಟಿಲ ತುಂಬ ಕೆಂಪು ಮಣ್ಣು ಸುರಿದಿದ್ದಾರೆ,
ನಾಯಿಯ ಪಾದ ಉರಿಯುತ್ತಿದೆ, ಕಾಲೊರಸು ಹಾಳು,
ತೆರಿಗೆ ಕಟ್ಟುವುದು ಇದಕ್ಕೇನಾ?

ನಾಯಿ ಜೊತೆ ಹೊರಗೆ ಹೋಗಿದ್ರಾ, ಕೇಳಿದೆ.
ಹೋಗಿದ್ದೆ, ಬೇಕರಿ ತನಕ.
ಬಿದ್ದಿರಾ?
ನಾನ್ಯಾಕೆ ಬೀಳಲಿ, ಎಂದಳು.

ದೂರು ದಾಖಲಿಸಿಕೊಂಡೆ. ಸಂಖ್ಯೆ ಕೊಟ್ಟೆ.
ಹತ್ತು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ ಎಂದೆ.
ಕಿಟಕಿಯಾಚೆ ಮ್ಯಾಗ್ನಸ್
ಲಾರಿಯ ಹೊಟ್ಟೆ ತೊಳೆಯುತ್ತಿದ್ದ.
ಆಮೇಲೆ ಬಕೆಟ್ಟುಗಳನ್ನೂ.