ಇತರೆ ಬಾಬ್ತು

ಮಂಡ್ಯದ ದೊಡ್ಡಾಸ್ಪತ್ರೆ ಹಿಂದಿನ ಗಲ್ಲಿಯಲ್ಲಿ
ರೋಗಿಗಳ ಕಡೆಯವರಿಗೆ ರಾತ್ರಿ ಊಟ ಹಾಕುವ ಟ್ರಸ್ಟು ನಮ್ಮದು.
ಮುದ್ದೆ, ಸೊಪ್ಪಿನ ಸಾರು, ಬುಧವಾರ ಮೊಟ್ಟೆ.
ಖಜಾಂಚಿ ನಾನು, ಮರಿಲಿಂಗಯ್ಯ,
ಸೊಸೈಟಿಯಲ್ಲಿ ಮೂವತ್ತೊಂದು ವರ್ಷ
ಊರವರ ಸಾಲ ಕೂಡಿ ಕಳೆದು ನಿವೃತ್ತನಾದವನು.
ಒಂದು ಪೈಸೆ ತಿಂದವನಲ್ಲ.
ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ಇತ್ತು ನನಗೆ.

ಕೆಂಪಾಜಮ್ಮ ಬಂದದ್ದು ಒಂದು ಮಂಗಳವಾರ,
ಗುತ್ತಲಿನಿಂದ, ಸೊಪ್ಪು ಮಾರಿ ಮುಗಿಸಿ,
ತಲೆಯ ಮೇಲೆ ಖಾಲಿ ಮಂಕರಿ.
ಗಂಡ ವಾರ್ಡಿನಲ್ಲಿದ್ದಾಗ
ಹತ್ತೊಂಬತ್ತು ರಾತ್ರಿ ನಮ್ಮ ಪಂಕ್ತಿಯಲ್ಲಿ ಉಂಡವಳು;
ಅವನು ಹೋದ ಮೇಲೆ ಡಬ್ಬಿಗೆ
ನೂರಾ ಹನ್ನೊಂದು ರೂಪಾಯಿ ಹಾಕಿ ಹೋದವಳು.
"ನನ್ ದುಡ್ಡು ಏನಾಯ್ತು ಬುದ್ದೀ?" ಅಂದಳು.
ಜಗಳಕ್ಕಲ್ಲ. ಕರು ಮಾರಿದವರು
ವರ್ಷದ ಮೇಲೆ ಕೊಂಡವರ ಕೊಟ್ಟಿಗೆಗೆ ಹೋಗಿ
ಚೆನ್ನಾಗಿ ಮೇಯುತ್ತಾ ಎಂದು ಕೇಳುತ್ತಾರಲ್ಲ, ಹಾಗೆ.

ಲೆಡ್ಜರು ತೆಗೆದೆ.
ಅಕ್ಕಿ, ರಾಗಿ, ಗ್ಯಾಸು, ಅಡುಗೆಯ ಸಣ್ಣಮ್ಮನ ಕೂಲಿ,
ಎಲ್ಲ ಇತ್ತು, ನನ್ನದೇ ಮುತ್ತಿನಂಥ ಅಕ್ಷರ.
ಕಡೆಗೆ, ಪುಟದ ಅಡಿಯಲ್ಲಿ,
ಇತರೆ: ಒಂದು ಲಕ್ಷದ ಎಂಟು ಸಾವಿರದ ನಾನೂರು.
ಬೆರಳು ಅಲ್ಲೇ ನಿಂತಿತು.
ಅಧ್ಯಕ್ಷರ ಕಾರಿನ ಡೀಸೆಲ್ಲು ಅದರೊಳಗಿತ್ತು,
ಅವರ ಅರವತ್ತರ ಶಾಂತಿಗೆ ಕಟ್ಟಿಸಿದ ಫ್ಲೆಕ್ಸು,
ಮೈಸೂರಿನ ಹೋಟೆಲಿನಲ್ಲಿ ದಾನಿಗಳ ಸಭೆ:
ಬಂದ ದಾನಿ ಒಬ್ಬರು, ಉಂಡ ಎಲೆ ಇಪ್ಪತ್ಮೂರು.
ಬರೆದವನು ನಾನೇ. ಕದ್ದಿರಲಿಲ್ಲ;
ಕದ್ದದ್ದಕ್ಕೊಂದು ಮನೆ ಕಟ್ಟಿಕೊಟ್ಟಿದ್ದೆ,
ಮೂರಕ್ಷರದ ಮನೆ, ಕಿಟಕಿ ಇಲ್ಲದ್ದು.

"ಅಕೌಂಟಿನಲ್ಲಿದೆ ತಾಯಿ" ಅಂದೆ.
"ಅದ್ ಯಾವೂರ್ ತಾವ ಬತ್ತದೆ?" ಅಂದಳು.

ಮೀಟಿಂಗಿನಲ್ಲಿ ಕೇಳಿದೆ,
ತಿಂಗಳ ಲೆಕ್ಕ ಬಾಗಿಲಲ್ಲೇ ಬರೆದುಬಿಡೋಣವೇ?
ಅಧ್ಯಕ್ಷರು ನಕ್ಕರು. "ಬಲಗೈ ಕೊಟ್ಟದ್ದು
ಎಡಗೈಗೆ ತಿಳಿಯಬಾರದು ಕಣಯ್ಯ, ಅದು ದಾನ."
"ಕೊಟ್ಟ ಕೈಗೆ ಆ ಮಾತು ಸರಿ ಸ್ವಾಮಿ,
ಇಸಕೊಂಡ ಕೈಗಲ್ಲ" ಅಂದೆ. ನಾಲಗೆ ಒಣಗಿತ್ತು.
ಆಡಿಟರ ಸಹಿ ತೋರಿಸಿದರು. ನೀಲಿ, ದುಂಡಗೆ, ಸರಿಯಾಗೇ ಇತ್ತು.
ಏಳು ಜನರಲ್ಲಿ ನಾಲ್ವರು ಮೇಲೆ ನೋಡಿದರು.
ಮೇಲೆ ಫ್ಯಾನು; ಅದರ ರೆಕ್ಕೆ ರೆಕ್ಕೆಗೂ ದಾನಿಯ ಹೆಸರು.
ಬಂದದ್ದನ್ನು ತಿರುಗುವುದರ ಮೇಲೂ ಬರೆಸಿದ್ದೆವು,
ಹೋದದ್ದನ್ನು ಬರೆಯಲು ಗೋಡೆ ಸಿಕ್ಕಿರಲಿಲ್ಲ.

ಮುಚ್ಚಿದ ಶಾಲೆಯೊಂದರ ಕರಿಹಲಗೆ ತಂದು
ಗೇಟಿಗೆ ಕಟ್ಟಿದೆ, ಸೀಮೆಸುಣ್ಣ ಹಿಡಿದೆ.
ಇತರೆಯನ್ನು ಹಲಸಿನ ಹಣ್ಣಿನಂತೆ ಒಡೆದೆ,
ಕೈಗೆಲ್ಲ ಅಂಟು.
ಎರಡು ಸಲ ರಾತ್ರಿ ಯಾರೋ ಒರೆಸಿದರು.
ಮೂರನೆಯ ಸಲ ಅಕ್ಷರ ದಪ್ಪ ಮಾಡಿದೆ.

ಕೆಂಪಾಜಮ್ಮನಿಗೆ ಓದು ಬರದು.
ತಟ್ಟೆ ಹಿಡಿದು ಸಾಲಲ್ಲಿದ್ದ ಹುಡುಗಿ, ತಂಗಿಗೆ ಡೆಂಗ್ಯೂ ಅಂತೆ,
ಗಟ್ಟಿಯಾಗಿ ಓದಿ ಹೇಳಿದಳು, ಮಗ್ಗಿ ಒಪ್ಪಿಸುವ ದನಿಯಲ್ಲಿ.
ಡೀಸೆಲ್ಲಿಗೆ ಯಾರೋ ಕೆಮ್ಮಿದರು.
ಮೊಟ್ಟೆಗೆ ಒಬ್ಬ, ಹೊಳಲಿನಲ್ಲಿ
ಇದಕ್ಕಿಂತ ನಲವತ್ತು ಪೈಸೆ ಕಮ್ಮಿ ಎಂದ.
ಆಮೇಲೆ ಹುಡುಗಿ:
ಖಜಾಂಚಿ, ಬ್ಯಾಂಕಿಗೆ ಹೋಗಿಬರಲು ಆಟೋ, ನೂರ ನಲವತ್ತು.

ಮುದುಕಿ ನನ್ನತ್ತ ತಿರುಗಿದಳು.
"ಬ್ಯಾಂಕು ಪೇಟೆಬೀದೀಲ್ ತಾನೆ ಇರಾದು?
ನಾ ದಿನಾ ನಡ್ಕಂಡೇ ಬತ್ತೀನಿ, ಮಂಕರಿ ಹೊತ್ಕಂಡು."

ಸಾಲೆಲ್ಲ ನಕ್ಕಿತು. ಒಳಗೆ ಸಣ್ಣಮ್ಮನೂ,
ಮುದ್ದೆ ತೊಳಿಸುವ ಕೋಲು ನಿಲ್ಲಿಸಿ.
ಒಂದು ಪೈಸೆ ತಿಂದವನಲ್ಲ ಎನ್ನಲು ಬಾಯಿ ತೆರೆದೆ,
ಹಲಗೆ ನೋಡಿ ಮುಚ್ಚಿಕೊಂಡೆ.

ಈಗ ನಡೆದೇ ಹೋಗುತ್ತೇನೆ.
ಮಂಡಿ ನೋಯುತ್ತದೆ.
ಅದು ಯಾವ ಬಾಬ್ತೋ ತಿಳಿಯದೆ
ಹಲಗೆಗೆ ಹಾಕಿಲ್ಲ.